ಕೆತ್ತಿದವನ ಓದು

ಮಾರ್ಗಶಿರ ಹೊಕ್ಕಿತೆಂದರೆ ಕಲಾದಗಿಯ ನಮ್ಮ ಮನೆಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಅಷ್ಟರೊಳಗೆ ಅಜ್ಜ ಏಳೆಂಟು ಚೌಕಟ್ಟು, ಅವಕ್ಕೆ ತಕ್ಕ ಬಾಗಿಲು ಮುಗಿಸಿ ಚಕ್ಕಡಿ ತುಂಬಬೇಕು. ಸಾಗವಾನಿ ಒಂದು ಕಡೆ, ಬೇವು ಒಂದು ಕಡೆ. ಹತ್ತರಿಯಿಂದ ಸುರುಳಿ ಸುರುಳಿಯಾಗಿ ಎದ್ದ ಸಿಪ್ಪೆಯ ರಾಶಿಯಲ್ಲಿ ಬೆಕ್ಕು ಮಲಗಿರುತ್ತಿತ್ತು. ಬಾದಾಮಿ ಮಗ್ಗುಲಿನ ಆ ಜಾತ್ರೆಗೆ ನಾಟಕದ ಕಂಪನಿಗಳು ಬರುವಷ್ಟೇ ಸಹಜವಾಗಿ ಬಾಗಿಲು ಚೌಕಟ್ಟಿನ ಸಾಲುಗಳೂ ಬೀಳುತ್ತವೆ. ಮನೆ ಕಟ್ಟಿಸುವವರು ವರ್ಷವಿಡೀ ಕಾದು ಅಲ್ಲಿಗೇ ಬರುತ್ತಾರೆ. ಚೌಕಟ್ಟಿನ ಮೇಲ್ಪಟ್ಟಿಯ ನಡುವೆ ಗಣಪತಿ, ಎರಡೂ ಬದಿಗೆ ಗಿಳಿ, ಗಿಳಿಯ ಬಾಯಲ್ಲಿ ಬಳ್ಳಿ. ಅಜ್ಜ ಎಡಚ. ಕೊಡತಿ ಬಲಗೈಲಿ ಇರುವುದನ್ನೇ ನೋಡಿ ಬೆಳೆದವರಿಗೆ ಅವನ ಕೆಲಸ ಕನ್ನಡಿಯೊಳಗೆ ನಡೆಯುತ್ತಿರುವಂತೆ ಕಾಣುತ್ತಿತ್ತು.

1987ರ ಅಂಥ ಒಂದು ಸಂಜೆ ನಾನು ಬಾಗಲಕೋಟೆಯಿಂದ ಒಂದು ರದ್ದಿ ಪುಸ್ತಕ ಹೊತ್ತು ಬಂದೆ. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲ. ಯಾವುದೋ ಗ್ರಂಥಾಲಯದವರು ಹಳೆಯದೆಂದು ತೂಕಕ್ಕೆ ಹಾಕಿದ ಪುಸ್ತಕಗಳ ಗುಡ್ಡೆಯಲ್ಲಿ ಅದು ಬಿದ್ದಿತ್ತು. ರಟ್ಟು ಕಿತ್ತಿತ್ತು, ಮುಖಪುಟ ಇರಲಿಲ್ಲ, ಮುದ್ರೆ ಮಾತ್ರ ಪುಟಪುಟಕ್ಕೂ ಇತ್ತು. ಕಡಲೆ ಕಟ್ಟಿಕೊಡುವ ಅಂಗಡಿಗೆ ಹೋಗುವುದರಲ್ಲಿದ್ದ ಅದನ್ನು ಚಿತ್ರಗಳ ಆಸೆಗೆ ಕೊಂಡೆ. ಸ್ಪೇನಿನ ಸರ್ವಾಂಟಿಸ್ ಬರೆದ ಡಾನ್ ಕ್ವಿಕ್ಸೋಟ್ ಕಾದಂಬರಿಯ ಇಂಗ್ಲಿಷ್ ಪ್ರತಿ. ಒಳಗಿನ ಚಿತ್ರಗಳು ಗುಸ್ತಾವ್ ಡೋರೆಯವು.

ಮೊದಲ ದೊಡ್ಡ ಚಿತ್ರವನ್ನೇ ಅಜ್ಜನಿಗೆ ತೋರಿಸಿದೆ. ಬಡಕಲು ದೇಹದ ಒಬ್ಬ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಖಡ್ಗ ಎತ್ತಿದೆ. ಓದಿದ್ದೆಲ್ಲ ಅವನ ಸುತ್ತ ಜೀವ ತಳೆದು ಮುತ್ತಿಕೊಂಡಿದೆ. ರಾಕ್ಷಸರು, ಕುದುರೆ ಸವಾರರು, ಸೆರೆಸಿಕ್ಕ ರಾಜಕುಮಾರಿಯರು ಕೋಣೆ ತುಂಬಿ ಗೋಡೆ ಇಲ್ಲದಂತಾಗಿದೆ. ಅಜ್ಜ ಓದಿದವನಲ್ಲ, ರುಜು ಹಾಕುವಷ್ಟು ಅಕ್ಷರ ಬಲ್ಲವನು. ಅವನು ಮುದುಕನನ್ನೂ ನೋಡಲಿಲ್ಲ, ರಾಕ್ಷಸರನ್ನೂ ನೋಡಲಿಲ್ಲ. ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದ. ಹಿಂದೆ ತಿರುವಿ ಬೆನ್ನ ಮೇಲೆ ಬೆರಳು ಆಡಿಸಿದ. ಆಮೇಲೆ ಹೇಳಿದ:

“ಇದು ಬರದ ಚಿತ್ರ ಅಲ್ಲೋ ತಮ್ಮಾ. ಕೆತ್ತಿದ್ದು.”

“ಡೋರೆ ಅನ್ನಾಂವ ಬರದಾನ ಅಜ್ಜಾ. ಫ್ರಾನ್ಸ್ ದೇಶದಾಂವ.”

“ಬರದಾಂವ ಬರದಿರಬೇಕು. ಕೆತ್ತಿದಾಂವ ಯಾರು? ಕಟಗಿ ಯಾವುದು?”

ನನ್ನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ಚಿತ್ರ ಎಂದರೆ ಬರೆದವನದು, ಅಷ್ಟೇ ನನಗೆ ಗೊತ್ತಿದ್ದದ್ದು. ಗಾಳಿಯಂತ್ರದ ಪುಟ ತೆಗೆದೆ. ಅದು ಗಾಣವೇ ಎಂದು ಕೇಳಿದ. ಗಾಳಿಯಿಂದ ತಿರುಗುವ ಬೀಸುವಕಲ್ಲು ಅಂದೆ. ಮುದುಕ ಅದನ್ನು ರಾಕ್ಷಸನೆಂದು ತಿಳಿದು ಭರ್ಚಿ ಹಿಡಿದು ನುಗ್ಗಿದ, ರೆಕ್ಕೆ ಅವನನ್ನೂ ಕುದುರೆಯನ್ನೂ ಎತ್ತಿ ಒಗೆಯಿತು ಎಂದು ನಗುತ್ತ ಹೇಳಿದೆ. ಅಜ್ಜ ನಗಲಿಲ್ಲ. “ಕುದುರಿಗೆ ಏನರೆ ಆತೇನು?” ಎಂದು ಕೇಳಿ ಮತ್ತೆ ಉಳಿ ಹಿಡಿದ.

ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಲು ನನಗೆ ಬಹಳ ವರ್ಷ ಹಿಡಿಯಿತು. ಸಿಕ್ಕಾಗ ಕೇಳಿದವನು ಇರಲಿಲ್ಲ.

ಕಟ್ಟಿಗೆಯ ಪ್ರಶ್ನೆ ಮೊದಲು. ಅದು ಬಾಕ್ಸ್‌ವುಡ್. ಗಟ್ಟಿ, ನಯವಾದ, ನಿಧಾನವಾಗಿ ಬೆಳೆಯುವ ಮರ, ಬೊಡ್ಡೆ ಬಹಳ ದಪ್ಪವಾಗುವುದಿಲ್ಲ. ಹಳೆಯ ಕಾಲದ ಮರದಚ್ಚಿನಲ್ಲಿ ಹಲಗೆಯ ಮೈಮೇಲೆ, ಅಂದರೆ ನಾರು ಉದ್ದಕ್ಕೆ ಓಡುವ ಕಡೆ, ಚಾಕುವಿನಿಂದ ಕೆತ್ತುತ್ತಿದ್ದರು. ಅಲ್ಲಿ ಕೂದಲೆಳೆಯಂಥ ಗೆರೆ ನಿಲ್ಲುವುದಿಲ್ಲ, ನಾರು ಸಿಗಿದು ಹೋಗುತ್ತದೆ. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಥಾಮಸ್ ಬ್ಯೂಯಿಕ್ ದಿಮ್ಮಿಯನ್ನು ಅಡ್ಡಡ್ಡ ಕೊಯ್ದ ಮುಖದ ಮೇಲೆ, ತಾಮ್ರದ ತಗಡು ಕೊರೆಯುವವರ ಮೊನೆಯುಳಿಯಿಂದ ಕೆಲಸ ಮಾಡಿ ಆ ಪದ್ಧತಿಯನ್ನು ಎತ್ತರಕ್ಕೆ ಒಯ್ದ. ಅಡ್ಡ ಕೊಯ್ದ ಮುಖದಲ್ಲಿ ನಾರಿಗೆ ದಿಕ್ಕಿಲ್ಲ. ಉಳಿಯನ್ನು ಯಾವ ಕಡೆಗಾದರೂ ತಳ್ಳಬಹುದು, ಎಷ್ಟು ಸಣ್ಣ ಗೆರೆಯಾದರೂ ಉಳಿಯುತ್ತದೆ. ಬೊಡ್ಡೆ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಜೋಡಿಸಿ ಬಿಗಿಯುತ್ತಿದ್ದರು. ಅವಸರದ ಕೆಲಸವಿದ್ದರೆ ಆ ತುಂಡುಗಳನ್ನು ಬಿಚ್ಚಿ ನಾಲ್ಕಾರು ಜನರಿಗೆ ಹಂಚಿ, ಕೆತ್ತಿಸಿ, ಮತ್ತೆ ಕೂಡಿಸುತ್ತಿದ್ದರು.

ಇದರ ಇನ್ನೊಂದು ಗುಣ ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಹಳೆ ಬಾಗಲಕೋಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ತಿಳಿದದ್ದು. ಕಾಲೇಜು ಬಿಟ್ಟ ಮೇಲೆ ಅಲ್ಲಿ ಪ್ರೂಫ್ ನೋಡುತ್ತ ಕೂರುತ್ತಿದ್ದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ ಅಲ್ಲಿನ ಕೆಲಸ. ಅಚ್ಚಿನ ಮೊಳೆ ಜೋಡಿಸುವ ಕಾಕಾ ಗಣಪತಿಯ ಬ್ಲಾಕನ್ನು ಅಕ್ಷರಗಳ ತಲೆಯ ಮೇಲೆ ಕೂರಿಸಿ, ಫರ್ಮಾ ಬಿಗಿದು, ಟ್ರೆಡಲ್ ಮೇಲೆ ಒಂದು ಪ್ರತಿ ತೆಗೆಯುತ್ತಿದ್ದ. ಗಣಪತಿಯ ಮುಖ ಮಸುಕಾಗಿ ಬಂದರೆ ಬ್ಲಾಕನ್ನು ಎತ್ತಿ ಅಡಿಗೆ ತೆಳುವಾದ ಕಾಗದದ ಚೂರು ಹಾಕುತ್ತಿದ್ದ. “ಕೆಳಗ ನಾಕ ಚೂರ ಹಾಕು, ಮಾರಿ ಏಳತೈತಿ” ಎನ್ನುತ್ತಿದ್ದ. ಚಿತ್ರದ ಮೈ ಅಕ್ಷರದ ಮೈಗೆ ಸಮ ಬಂದಾಗಲೇ ಎರಡಕ್ಕೂ ಶಾಯಿ ಸಮನಾಗಿ ಹತ್ತುತ್ತದೆ. 19ನೇ ಶತಮಾನದ ಮರದಚ್ಚು ಮಾಡಿದ್ದೂ ಇದನ್ನೇ. ತಾಮ್ರದ ತಗಡಿನ ಚಿತ್ರಕ್ಕೆ ಬೇರೆ ಯಂತ್ರ, ಬೇರೆ ಕಾಗದ, ಬೇರೆ ಖರ್ಚು. ಮರದ ತುಂಡನ್ನಾದರೋ ಮೊಳೆಯ ಎತ್ತರಕ್ಕೇ ಕೊಯ್ದು, ಅಕ್ಷರಗಳ ನಡುವೆ ಕೂರಿಸಿ, ಒಂದೇ ಒತ್ತಿಗೆ ಎರಡನ್ನೂ ಅಚ್ಚು ಹಾಕಬಹುದು. ಚಿತ್ರ ಪುಸ್ತಕದ ಹೊರಗಿನ ಅಲಂಕಾರವಾಗಿ ಉಳಿಯದೆ ಸಾಲುಗಳ ನಡುವೆ ಇಳಿದು ಬಂದು ಕೂತಿತು.

ಹಾಗೆ ಕೂತ ಚಿತ್ರಗಳ ಒಂದು ದೊಡ್ಡ ಹಬ್ಬವೇ 1836-37ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ದ್ಯುಬೋಷೆ ಎಂಬ ಪ್ರಕಾಶಕ, ಲೂಯಿ ವ್ಯಾರ್ದೋ ಮಾಡಿದ ಹೊಸ ಫ್ರೆಂಚ್ ಅನುವಾದ, ಟೋನಿ ಜೊಹಾನೋ ಎಂಬ ಚಿತ್ರಕಾರ. ಎರಡು ಸಂಪುಟದ ಆ ಡಾನ್ ಕ್ವಿಕ್ಸೋಟ್‌ನಲ್ಲಿ ಸಣ್ಣದೊಡ್ಡ ಚಿತ್ರಗಳು 800ರಷ್ಟು. ಕಂತುಕಂತಾಗಿ ಮಾರಿದ್ದರಿಂದ ಒಮ್ಮೆಗೇ ಹಣ ಕೊಡಲಾರದ ಮನೆಗಳಿಗೂ ಅದು ಹೋಯಿತು. ಡೋರೆಯ ಪುಸ್ತಕ ಬಂದದ್ದು 1863ರಲ್ಲಿ, ಅದರಲ್ಲಿ 370ಕ್ಕೂ ಹೆಚ್ಚು ಚಿತ್ರ. ಅದಕ್ಕೆ ಮುಂಚೆ ಅವನು ಸ್ಪೇನ್ ಸುತ್ತಿ ಬಂದಿದ್ದ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಅದರ ಮರುವರ್ಷ 1864ರಲ್ಲಿ ಕಲಾದಗಿ ಜಿಲ್ಲೆಯ ಊರಾಯಿತು. 1885ರಲ್ಲಿ ಆ ಜಿಲ್ಲೆ ವಿಜಾಪುರದ ಹೆಸರು ಹೊತ್ತುಕೊಂಡು ಅಲ್ಲಿಗೆ ಹೋಯಿತು. ಘಟಪ್ರಭೆಯ ದಂಡೆಯ ನಮ್ಮ ಊರಿಗೆ ದಾಳಿಂಬೆ ಉಳಿಯಿತು.

ಈಗ ಅಜ್ಜನ ಇನ್ನೊಂದು ಪ್ರಶ್ನೆ. ಡೋರೆಯ ಪುಟಗಳ ಕೆಳಗಿನ ಮೂಲೆಗಳನ್ನು ಭೂತಗನ್ನಡಿ ಹಿಡಿದು ನೋಡಿದರೆ ಎರಡು ಹೆಸರು ಸಿಗುತ್ತವೆ. ಒಂದು ಡೋರೆಯದು. ಇನ್ನೊಂದು ಪಿಸಾನ್. ಎಲಿಯೊಡೋರ್ ಪಿಸಾನ್, ಕೆತ್ತಿದವನು.

ಡೋರೆ ಕಾಗದದ ಮೇಲೆ ಬರೆದು ಕೊಡುತ್ತಿರಲಿಲ್ಲ. ಬಿಳಿ ಬಳಿದ ಕಟ್ಟಿಗೆಯ ಮೇಲೇ, ಎಡಬಲ ತಿರುವುಮುರುವಾಗಿ, ಕುಂಚದಿಂದ ಶಾಯಿಯ ತೆಳುಗಪ್ಪು ಹರಡಿ, ಬಿಳಿಯಿಂದ ಬೆಳಕು ತುಂಬಿ ಚಿತ್ರ ಮಾಡುತ್ತಿದ್ದ. ಅದು ಮೋಡದ ಹಾಗೆ ಒಂದರೊಳಗೊಂದು ಕರಗುವ ಕಪ್ಪು, ಬೂದು, ಬಿಳಿ. ಅಚ್ಚಿನ ಶಾಯಿಗೆ ಬೂದುಬಣ್ಣ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಹತ್ತುವುದು ಇಲ್ಲವೆ ಹತ್ತದಿರುವುದು. ಆ ಬೂದುಬಣ್ಣವನ್ನೆಲ್ಲ ಗೆರೆಗಳಾಗಿ ಒಡೆಯುವುದು ಪಿಸಾನನ ಕೆಲಸ. ಆಕಾಶಕ್ಕೆ ಯಾವ ಗೆರೆ, ಬಂಡೆಗೆ ಯಾವ ಗೆರೆ, ಮುದುಕನ ಕೆನ್ನೆಯ ಗುಳಿಗೆ ಎಷ್ಟು ಒತ್ತಾದ ಗೆರೆ, ಎಲ್ಲಿ ಗೆರೆ ಬಾಗಬೇಕು, ಎಲ್ಲಿ ತೆಳುವಾಗಿ ಬಿಟ್ಟುಹೋಗಬೇಕು, ಇದಾವುದನ್ನೂ ಡೋರೆ ಬರೆದಿರಲಿಲ್ಲ. ಕೆತ್ತುವವನು ಓದಿ ತಿಳಿಯಬೇಕು. ಕೆತ್ತಿ ತೆಗೆದದ್ದೆಲ್ಲ ಕಾಗದದ ಮೇಲೆ ಬೆಳಕಾಗುತ್ತದೆ, ಮುಟ್ಟದೆ ಬಿಟ್ಟದ್ದೆಲ್ಲ ಕತ್ತಲೆ. ಒಮ್ಮೆ ತೆಗೆದ ಕಟ್ಟಿಗೆಯನ್ನು ತಿರುಗಿ ಇಡಲಾಗುವುದಿಲ್ಲ.

ಹೀಗೆ ಉಳಿ ಮುಂದೆ ಹೋದಷ್ಟೂ ಡೋರೆಯ ಚಿತ್ರ ಅಳಿಯುತ್ತದೆ. ಕೆತ್ತನೆ ಮುಗಿದ ದಿನ ಅವನು ಬರೆದದ್ದು ಆ ಕಟ್ಟಿಗೆಯ ಮೇಲೆ ಇರುವುದಿಲ್ಲ. ಬರೆದದ್ದನ್ನು ಕೊನೆಯದಾಗಿ ಕಂಡವನು ಕೆತ್ತಿದವನೇ. ಅವನು ಕಂಡದ್ದನ್ನು ನಾವು ಕಾಣುತ್ತೇವೆ. ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ ಸಂಗತಿ ಇದು. ಈ ಪುಸ್ತಕದಲ್ಲಿ ನಾವು ಡೋರೆ ಎಂದು ಕರೆಯುವ ಪ್ರತಿಯೊಂದು ಪುಟವೂ ಡೋರೆಯನ್ನು ಪಿಸಾನ್ ಓದಿದ ರೀತಿ. ಸರ್ವಾಂಟಿಸ್‌ನನ್ನು ಡೋರೆ ಓದಿದ, ಡೋರೆಯನ್ನು ಪಿಸಾನ್ ಓದಿದ, ಪಿಸಾನನನ್ನು ಕಲಾದಗಿಯ ಒಬ್ಬ ಬಡಿಗ ಪುಟದ ಬೆನ್ನು ಸವರಿ ಓದಿದ. ಮುದ್ರಿತ ಅಕ್ಷರಗಳನ್ನು ಓದಬಲ್ಲ ನಾನೊಬ್ಬನೇ ಆ ಸಂಜೆ ಏನನ್ನೂ ಓದಿರಲಿಲ್ಲ.

ಕೆತ್ತನೆ ಒಂದು ಬಗೆಯ ಓದು ಎಂದು ನನಗೆ ಅನ್ನಿಸತೊಡಗಿದ್ದು ಆಗ. ಕಣ್ಣಿನಿಂದ ಓದುವವನು ನಾಲ್ಕು ಸಾಲು ಹಾರಿಸಬಹುದು, ಬೇಸರ ಬಂದರೆ ಪುಟ ಮಗುಚಬಹುದು. ಉಳಿಯಿಂದ ಓದುವವನಿಗೆ ಆ ಸ್ವಾತಂತ್ರ್ಯ ಇಲ್ಲ. ಹೇಸರಗತ್ತೆಯ ಕಿವಿಯ ಹಿಂದಿನ ನೆರಳನ್ನೂ ಅವನು ನಾಯಕನ ಮುಖದಷ್ಟೇ ಹೊತ್ತು ನೋಡಬೇಕು. ಅಷ್ಟು ಹೊತ್ತು ನೋಡಿದ್ದರ ಮೇಲೆ ತಾತ್ಸಾರ ಉಳಿಯುವುದು ಕಷ್ಟ.

ಇಲ್ಲೇ ಆ ಕಾದಂಬರಿಯ ಹಣೆಬರಹದ ಮಾತೂ ಬರುತ್ತದೆ. ಅದರ ಮೊದಲ ಭಾಗ 1605ರಲ್ಲಿ, ಎರಡನೆಯದು 1615ರಲ್ಲಿ ಅಚ್ಚಾಯಿತು. ನೂರೈವತ್ತು ಇನ್ನೂರು ವರ್ಷ ಜನ ಅದನ್ನು ನಗೆಯ ಪುಸ್ತಕವೆಂದೇ ಓದಿದರು. 18ನೇ ಶತಮಾನದ ಫ್ರೆಂಚ್ ಚಿತ್ರಕಾರ ಕ್ವಾಪೆಲ್ ಮಾಡಿದ ಚಿತ್ರಗಳಲ್ಲೂ ಕ್ವಿಕ್ಸೋಟ್ ಅರಮನೆಯ ಸೊಗಸುಗಾರರ ನಡುವೆ ಸಿಕ್ಕಿಬಿದ್ದ ನಗೆಪಾತ್ರ. 1800ರ ಹೊತ್ತಿಗೆ ಗಾಳಿ ತಿರುಗಿತು. ಜರ್ಮನಿಯ ರಮ್ಯಪಂಥದವರು, ಅದನ್ನು ಜರ್ಮನ್ನಿಗೆ ತಂದ ಲುಡ್ವಿಗ್ ಟೀಕ್ ಮೊದಲಾದವರು, ಆ ಮುದುಕನಲ್ಲಿ ಹುಚ್ಚನಿಗಿಂತ ಹೆಚ್ಚಿನದನ್ನು ಕಂಡರು. ಲೋಕ ಸಣ್ಣದಾಗಿರುವಾಗ ದೊಡ್ಡದನ್ನು ಬಯಸಿ ಪೆಟ್ಟು ತಿನ್ನುವವನೊಬ್ಬ ಅವರ ಕಣ್ಣಿಗೆ ಬಿದ್ದ. ಮರದಚ್ಚುಗಳು ಬಂದದ್ದು ಆ ಓದಿನ ಬೆನ್ನಿಗೆ. ಡೋರೆಯ ಪುಟಗಳಲ್ಲಿ ಆಕಾಶ ಬಹಳ ದೊಡ್ಡದು. ಬಯಲು ಕೊನೆಯಿಲ್ಲದ್ದು. ಅದರ ನಡುವೆ ಭರ್ಚಿ ಹಿಡಿದ ಉದ್ದನೆಯ ಆಕೃತಿ, ಪಕ್ಕದಲ್ಲಿ ಕತ್ತೆಯ ಮೇಲೆ ಅವನ ಸೇವಕ, ಗಿಡ್ಡ ಸಾಂಚೊ, ಇಬ್ಬರೂ ಸಂಜೆಯ ಬೆಳಕಿನಲ್ಲಿ ಕಪ್ಪಗೆ ನಿಂತಿದ್ದಾರೆ. ನಗಬೇಕೆಂದು ಪುಸ್ತಕ ತೆರೆದವನು ಆ ಪುಟದ ಎದುರು ಸುಮ್ಮನಾಗುತ್ತಾನೆ. ನಗುವ ಮಾತು ಪಠ್ಯದಲ್ಲಿ ಹಾಗೆಯೇ ಇದೆ, ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಮಗ್ಗುಲಿನ ಚಿತ್ರ. ಅಜ್ಜ ಕಥೆ ಕೇಳಿ ನಗದೆ ಕುದುರೆಯನ್ನು ವಿಚಾರಿಸಿದ್ದು ಚಿತ್ರವನ್ನು ಸರಿಯಾಗಿ ಓದಿದ್ದರಿಂದಲೇ ಎಂದು ಈಗ ಅನ್ನಿಸುತ್ತದೆ. ಕೆತ್ತಿದವನು ಕುದುರೆಯ ನೋವನ್ನು ಬಿಟ್ಟಿರಲಿಲ್ಲ.

ಗಾಳಿಯಂತ್ರದ ಆ ಪುಟ ನನಗೆ ಮತ್ತೆ ನೆನಪಾದದ್ದು ಪಟ್ಟದಕಲ್ಲಿನಲ್ಲಿ. ವಿರೂಪಾಕ್ಷ ಗುಡಿಯ ಶಿಲ್ಪಗಳಲ್ಲಿ ರಾವಣನ ಮೇಲೆ ಎರಗಿದ ಜಟಾಯು ಇದ್ದಾನೆ. ಪಲ್ಲವರ ಕಂಚಿಯನ್ನು ಗೆದ್ದ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನಿಗಾಗಿ ರಾಣಿ ಲೋಕಮಹಾದೇವಿ 8ನೇ ಶತಮಾನದ ನಡುವೆ ಕಟ್ಟಿಸಿದ ಗುಡಿ ಅದು. ಚಿಕ್ಕಂದಿನಿಂದ ನೋಡಿದ್ದ ಶಿಲ್ಪವೇ. ಆ ದಿನ ಮಾತ್ರ ನೋಡುತ್ತ ನಿಂತುಬಿಟ್ಟೆ. ಇವನೂ ಮುದುಕ. ಇವನೂ ತನ್ನ ಅಳವಿಗೆ ಮೀರಿದವನ ಮೇಲೆ ಬಿದ್ದ. ಇವನನ್ನೂ ಎದುರಾಳಿ ನೆಲಕ್ಕೆ ಕೆಡವಿದ. ಆದರೆ ಜಟಾಯುವನ್ನು ನೋಡಿ ನಮ್ಮಲ್ಲಿ ಯಾರೂ ನಕ್ಕಿದ್ದಿಲ್ಲ. ಜಟಾಯುವಿಗೆ ಎದುರಿರುವವನು ರಾವಣನೆಂದೂ ಗೊತ್ತಿತ್ತು, ತಾನು ಮುದಿಯನೆಂದೂ ಗೊತ್ತಿತ್ತು. ಕ್ವಿಕ್ಸೋಟ್‌ನಿಗೆ ಎರಡೂ ಗೊತ್ತಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಅದನ್ನು ಒರೆಸಿ ಹಾಕಿ ಇಬ್ಬರೂ ಒಂದೇ ಎಂದು ಹೇಳಲು ನನಗೆ ಮನಸ್ಸಿಲ್ಲ. ಹಾಗಿದ್ದರೂ ಬೀಳುವವನನ್ನು ಚಿತ್ರಿಸುವಾಗ ಅವನ ಪಕ್ಕ ನಿಂತು ಚಿತ್ರಿಸಬೇಕೆಂಬುದು ಪಟ್ಟದಕಲ್ಲಿನ ಶಿಲ್ಪಿಗೆ ಮೊದಲೇ ತಿಳಿದಿತ್ತು. ಯುರೋಪಿನಲ್ಲಿ ಕ್ವಿಕ್ಸೋಟ್‌ನ ಪಕ್ಕ ಚಿತ್ರ ಬಂದು ನಿಲ್ಲಲು ಎರಡು ಶತಮಾನ ಬೇಕಾಯಿತು.

ಅಲ್ಲಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ನಡೆದರೆ ಪಾಪನಾಥ ಗುಡಿ. ಪ್ರವಾಸಿಗರು ವಿರೂಪಾಕ್ಷನನ್ನು ನೋಡಿ ಹಿಂದಿರುಗುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಇದರ ದಕ್ಷಿಣದ ಹೊರಗೋಡೆಯ ಮೇಲೆ ರಾಮಾಯಣ ಸಾಲಾಗಿ ನಡೆದಿದೆ. ಬಗ್ಗಿ ನೋಡಬೇಕು. ಶಿಲ್ಪಗಳ ಜೊತೆಗೆ ಹಳಗನ್ನಡ ಅಕ್ಷರಗಳಲ್ಲಿ ಪಾತ್ರಗಳ ಹೆಸರು ಕೆತ್ತಿದ್ದಾರೆ. ಇವನು ಇಂಥವನು ಎಂದು ಹೇಳುವಷ್ಟು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಚಿತ್ರ ಮತ್ತು ಅಕ್ಷರ ಒಂದೇ ಕಲ್ಲಿನಲ್ಲಿ, ಒಂದೇ ಮೈಯಲ್ಲಿ. ಕಾಕಾ ಬ್ಲಾಕಿನ ಅಡಿ ಚೂರು ಹಾಕಿ ಸಮ ಮಾಡುತ್ತಿದ್ದದ್ದು ನೆನಪಾಯಿತು. ಇಲ್ಲಿ ಸಮ ಮಾಡಬೇಕಾಗಿಯೇ ಇಲ್ಲ.

ವಿಚಿತ್ರವೆಂದರೆ ಸರ್ವಾಂಟಿಸ್‌ನ ಕಾದಂಬರಿಯ ಒಳಗೇ ಇಂಥದೊಂದು ಚಿತ್ರ ಇದೆ. ಮೊದಲ ಭಾಗದ ಎಂಟನೆಯ ಅಧ್ಯಾಯದ ಕೊನೆಗೆ ಕ್ವಿಕ್ಸೋಟ್ ಮತ್ತು ಬಿಸ್ಕೇ ಸೀಮೆಯವನೊಬ್ಬ ಕತ್ತಿ ಎತ್ತಿ ನಿಂತಿದ್ದಾರೆ. ಅಲ್ಲಿಗೆ ಕಥೆ ನಿಂತುಹೋಗುತ್ತದೆ, ಮುಂದಿನದು ಸಿಗಲಿಲ್ಲ ಎನ್ನುತ್ತಾನೆ ಕಥೆಗಾರ. ಒಂಬತ್ತನೆಯದರಲ್ಲಿ ಅವನು ಟೊಲೇಡೊ ಪಟ್ಟಣದ ಪೇಟೆಯಲ್ಲಿದ್ದಾನೆ. ಹುಡುಗನೊಬ್ಬ ರೇಷ್ಮೆ ವ್ಯಾಪಾರಿಗೆ ಹಳೆಯ ಕಾಗದದ ಕಟ್ಟುಗಳನ್ನು ಮಾರಲು ತಂದಿರುತ್ತಾನೆ. ಬೀದಿಯ ಹರಿದ ಕಾಗದವನ್ನೂ ಬಿಡದೆ ಓದುವ ಚಟದ ಕಥೆಗಾರ ಅದರಲ್ಲೊಂದನ್ನು ಎತ್ತಿ ನೋಡುತ್ತಾನೆ. ಅರಬ್ಬೀ ಲಿಪಿ. ಓದಬಲ್ಲವನೊಬ್ಬನನ್ನು ಹಿಡಿದು ತಂದರೆ ಅದು ಕ್ವಿಕ್ಸೋಟ್‌ನ ಚರಿತ್ರೆ! ಅರ್ಧ ರಿಯಾಲಿಗೆ ಎಲ್ಲವನ್ನೂ ಕೊಂಡು, ಒಣದ್ರಾಕ್ಷಿ ಮತ್ತು ಗೋಧಿ ಕೊಡುವ ಕರಾರಿನ ಮೇಲೆ ಅನುವಾದ ಮಾಡಿಸುತ್ತಾನೆ. ಅನುವಾದಕನಿಗೆ ಕಾಳಿನ ಸಂಬಳ ಎಂದು ಓದಿದಾಗ ಸುಗ್ಗಿಯಲ್ಲಿ ಅಜ್ಜ ಹೊಲಹೊಲಕ್ಕೆ ಹೋಗಿ ಆಯದ ಜೋಳ ತರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಆ ಕಟ್ಟಿನ ಮೊದಲ ಪುಸ್ತಕದಲ್ಲಿ ಕಾಳಗದ ಚಿತ್ರವಿದೆ: ಕತ್ತಿ ಎತ್ತಿದ ಇಬ್ಬರು, ಬಿಸ್ಕೇಯವನ ಹೇಸರಗತ್ತೆ, ಕ್ವಿಕ್ಸೋಟ್‌ನ ಕುದುರೆ, ಎಲುಬು ಎಣಿಸಬಹುದಾದ ರೊಸಿನಾಂಟೆ. ಪ್ರತಿಯೊಬ್ಬರ ಕಾಲ ಬುಡದಲ್ಲಿ ಅವರವರ ಹೆಸರು ಬರೆದಿದೆ. ಪಾಪನಾಥದ ಗೋಡೆಯ ಪದ್ಧತಿಯೇ.

ಕಥೆಯ ನಾಯಕನನ್ನು ಕಥೆಗಾರನೇ ಮೊದಲು ಕಣ್ಣಾರೆ ಕಂಡದ್ದು ರದ್ದಿಯಲ್ಲಿ ಸಿಕ್ಕ ಒಂದು ಚಿತ್ರದಲ್ಲಿ. ನನ್ನ ಪುಸ್ತಕವೂ ರದ್ದಿಯದೇ. ಎರಡನೆಯ ಭಾಗದ ಕೊನೆಯ ಹತ್ತಿರ, ಸೋತು ಊರಿಗೆ ಮರಳುವ ಇಬ್ಬರೂ ಒಂದು ಛತ್ರದ ಕೋಣೆಯಲ್ಲಿ ಬಟ್ಟೆಯ ಮೇಲೆ ಬರೆದ ಪುರಾಣದ ಚಿತ್ರಗಳನ್ನು ನೋಡುತ್ತಾರೆ. ಮುಂದೊಂದು ದಿನ ನಮ್ಮ ಸಾಹಸಗಳ ಚಿತ್ರ ಇಲ್ಲದ ಛತ್ರವಾಗಲಿ ಕ್ಷೌರದ ಅಂಗಡಿಯಾಗಲಿ ಇರುವುದಿಲ್ಲ ಎಂದು ಸಾಂಚೊ ಭವಿಷ್ಯ ಹೇಳುತ್ತಾನೆ. ಬರೆಯುವವನ ಕೈ ಇದಕ್ಕಿಂತ ಒಳ್ಳೆಯದಿರಲಿ ಎಂದೂ ಆಸೆಪಡುತ್ತಾನೆ. ಓದು ಬಾರದ ಸಾಂಚೊನಿಗೆ ತನ್ನ ಕಥೆ ಉಳಿಯುವುದು ಚಿತ್ರದಲ್ಲಿ ಎಂದು ಗೊತ್ತಿತ್ತು. ಇನ್ನೂರೈವತ್ತು ವರ್ಷದೊಳಗೆ ಅವನು ಹೇಳಿದಂತೆಯೇ ಆಯಿತು.

ನಮ್ಮ ಸೀಮೆಯೂ ಅದೇ ಮರದಚ್ಚಿನಲ್ಲಿ ಲೋಕಕ್ಕೆ ಕಂಡದ್ದುಂಟು. ಪುರಾತತ್ವಜ್ಞ ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಗುಡಿ ಗುಹೆಗಳ ವರದಿ ಅಚ್ಚು ಹಾಕಿಸಿದ. ನಮ್ಮ ಊರಿನ ಹೆಸರು ಹೊತ್ತ ಪುಸ್ತಕ. ಎರಡು ವರ್ಷದ ಮೇಲೆ ಬಂದ ಜೇಮ್ಸ್ ಫರ್ಗುಸನ್‌ನ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಐಹೊಳೆಯ ಗುಡಿ ಮರದಚ್ಚಿನಲ್ಲಿದೆ. ಕೆತ್ತಿದವನ ಮೇಜಿನ ಮೇಲೆ ಇದ್ದದ್ದು ಒಂದು ಫೋಟೊ. ಮಲಪ್ರಭೆಯ ದಂಡೆಯ ಕೆಂಪು ಮರಳುಗಲ್ಲನ್ನು, ಅದರ ಮೇಲೆ ಬೀಳುವ ಉರಿಬಿಸಿಲನ್ನು ಅವನು ಆ ಕಾಗದದಿಂದ ಓದಿ ಕಟ್ಟಿಗೆಯಲ್ಲಿ ಬಿಡಿಸಬೇಕಾಯಿತು. ಅವನ ಕೆಲಸ ನೋಡಿದಾಗ ನನಗೆ ಗೌರವ ಬರುತ್ತದೆ. ಮುಂದೆ ಫೋಟೊದಿಂದ ನೇರವಾಗಿ ಸತುವಿನ ಬ್ಲಾಕು ಮಾಡುವ ವಿದ್ಯೆ ಬಂತು. ಕೆತ್ತುವವರ ಕೈಗೆ ಕೆಲಸ ಇಲ್ಲದಾಯಿತು. ಕಾಕಾನ ಗಣಪತಿ ಅಂಥ ಬ್ಲಾಕಿನದು. ಆಫ್‌ಸೆಟ್ ಬಂದ ಮೇಲೆ ಕಾಕಾನಿಗೂ ಕೆಲಸ ಇಲ್ಲದಾಯಿತು. ಆ ಪ್ರೆಸ್ಸಿದ್ದ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋಯಿತು.

ಹಳೆ ಬಾಗಲಕೋಟೆಯ ಮುಳುಗಡೆಯಲ್ಲಿ ಜನ ಮನೆ ಬಿಟ್ಟು ನವನಗರಕ್ಕೆ ಹೋಗುವಾಗ ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು ಹೋದರು. ಕೆಲವು ವರ್ಷದ ಹಿಂದೆ ನವನಗರದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಸಿಮೆಂಟಿನ ಮನೆ, ತಲೆಬಾಗಿಲು ಮಾತ್ರ ಹಳೆಯದು. ಒಳಗೆ ಕಾಲಿಡುವ ಮುಂಚೆ ಮೇಲೆ ನೋಡಿದೆ. ನಡುವೆ ಗಣಪತಿ, ಎರಡೂ ಬದಿಗೆ ಗಿಳಿ. ಗಿಳಿಯ ರೆಕ್ಕೆಯ ಗರಿಗಳನ್ನು ಸಣ್ಣ ಸಣ್ಣ ಏಟಿನಲ್ಲಿ ತೆಗೆದಿದ್ದರು, ಏಟುಗಳು ಬಲದಿಂದ ಎಡಕ್ಕೆ ಇಳಿಯುವ ಬದಲು ಎಡದಿಂದ ಬಲಕ್ಕೆ ಇಳಿದಿದ್ದವು. ಪ್ರತಿ ಗರಿಯ ತುದಿಯಲ್ಲೂ ಉಳಿ ಎತ್ತಿದ ಕಡೆ ಒಂದು ಸಣ್ಣ ಕಚ್ಚು. ಎಡಗೈಯವನ ಕೆಲಸ. ಕೈಯೆತ್ತಿ ಮುಟ್ಟಿದೆ. ಎಣ್ಣೆ, ಅರಿಷಿಣ, ಹೊಗೆ ಸೇರಿ ಗರಿಗಳು ಕಪ್ಪಾಗಿದ್ದವು, ಕಚ್ಚು ಬೆರಳಿಗೆ ಸಿಕ್ಕಿತು.

“ಇದನ್ನ ಯಾರು ಮಾಡಿದ್ರೀ ಅಕ್ಕಾರ?” ಎಂದು ಕೇಳಿದೆ.

“ನಮ್ಮ ಮಾವ್ನಾರು ಬನಶಂಕರಿ ಜಾತ್ರ್ಯಾಗ ತಂದದ್ದಂತ. ಮಾಡಿದವರು ಯಾರೋ ಏನೋ.”

ಅವರ ತಪ್ಪಿಲ್ಲ. ಅಜ್ಜ ಒಂದು ಚೌಕಟ್ಟಿನ ಮೇಲೂ ಹೆಸರು ಹಾಕಿದವನಲ್ಲ, ನಾನೂ ಅವನನ್ನು ಯಾಕೆಂದು ಕೇಳಿದವನಲ್ಲ. ಪರದೇಶದ ಪುಸ್ತಕ ತೋರಿಸಿ ಬರೆದವನ ಹೆಸರು ಹೇಳಿದ್ದೆ. ಎದುರಿಗೆ ಕೂತು ಕೆತ್ತುತ್ತಿದ್ದವನಿಗೆ ಹೆಸರು ಬೇಡವೇ ಎಂಬುದು ನನ್ನ ತಲೆಗೆ ಬರಲಿಲ್ಲ. ಅವನು ಆ ಸಂಜೆ ಕೆತ್ತಿದವನು ಯಾರೆಂದು ಕೇಳಿದ್ದು ಪಿಸಾನನಿಗಾಗಿ ಅಷ್ಟೇ ಇರಲಿಕ್ಕಿಲ್ಲ ಎಂದು ನವನಗರದ ಆ ಬಾಗಿಲಲ್ಲಿ ನಿಂತಾಗ ಹೊಳೆಯಿತು. ತಡವಾಗಿ ಹೊಳೆದದ್ದಕ್ಕೆ ಬಹಳ ಸಂಕಟವಾಯಿತು.

ಹೆಸರು ಹಾಕುವ ಪದ್ಧತಿ ನಮ್ಮ ನೆಲಕ್ಕೆ ಹೊಸದೇನಲ್ಲ. ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ, ಅವನಿಗೆ ಸಿಕ್ಕ ತ್ರಿಭುವನಾಚಾರಿ ಎಂಬ ಬಿರುದು, ಸರ್ವಸಿದ್ಧಿ ಆಚಾರಿ, ಪಾಪನಾಥದ ರೇವಡಿ ಓವಜ್ಜ, ಇವರೆಲ್ಲ ಪಟ್ಟದಕಲ್ಲಿನ ಕಲ್ಲಿನ ಮೇಲೆ ಹೆಸರಾಗಿಯೇ ಇದ್ದಾರೆ. ರಾಜನ ಗೆಲುವನ್ನು ಹೇಳುವ ಶಾಸನಗಳ ಸಾಲಿನಲ್ಲೇ ಕಟ್ಟಿದವನ, ಕೆತ್ತಿದವನ ಮಾತನ್ನೂ ಹೇಳುವ ಮನಸ್ಸು ಆ ಕಾಲಕ್ಕಿತ್ತು. ಸಾವಿರದ ಇನ್ನೂರೈವತ್ತು ವರ್ಷದ ಹಿಂದಿನ ಓವಜ್ಜನ ಹೆಸರು ನಮಗೆ ಗೊತ್ತು. ನಲವತ್ತು ವರ್ಷದ ಹಿಂದೆ ನಮ್ಮ ನಮ್ಮ ಮನೆಗಳ ಬಾಗಿಲು ಮಾಡಿದವರ ಹೆಸರು ಗೊತ್ತಿಲ್ಲ.

ಬರುವ ಪುಷ್ಯ ಮಾಸದಲ್ಲಿ ಈ ಕಡೆ ಬಂದರೆ ಪಟ್ಟದಕಲ್ಲಿಗೆ ಹೋಗಿ. ಆ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಪಾಪನಾಥದ ದಕ್ಷಿಣದ ಗೋಡೆಗೆ ಓರೆಬಿಸಿಲು ಬೀಳುತ್ತದೆ, ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಬಗ್ಗಿ ಓದಿ. ಅಲ್ಲಿಂದ ಬಾದಾಮಿ ದಾಟಿ ಬನಶಂಕರಿಗೆ ಬನ್ನಿ, ಜಾತ್ರೆ ಇರುತ್ತದೆ, ಚೌಕಟ್ಟುಗಳ ಸಾಲು ಇರುತ್ತದೆ. ಕೊಳ್ಳದಿದ್ದರೂ ಸರಿ, ಒಂದು ಚೌಕಟ್ಟಿನ ಮುಂದೆ ನಿಂತು ಇದನ್ನು ಕೆತ್ತಿದವರ ಹೆಸರೇನು ಎಂದು ಕೇಳಿ. ಕೊಂಡರೆ ಆ ಹೆಸರನ್ನು ಬಾಗಿಲ ಹಿಂಬದಿಯಲ್ಲಾದರೂ ಬರೆಸಿಕೊಂಡು ಒಯ್ಯಿರಿ.